ಆರು ಆದಮೇಲೆ ಎಂಟು

ಸಾಕ್ಷಿ ಹೇಳಲು ಕರೆದಿದ್ದರು. ಜಡ್ಜ್ ಸಾಹೇಬರು ರಜೆ.
ಇನ್ನೊಂದು ತಾರೀಕು ಬರೆದುಕೊಟ್ಟರು.
ತರೀಕೆರೆ ಬಸ್ಸು ನಾಲ್ಕೂವರೆಗೆ.
ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ, ಗಲ್ಲಾಪೆಟ್ಟಿಗೆಯ ಮೇಲೆ,
ಸೋಂಪಿನ ತಟ್ಟೆಯ ಪಕ್ಕ ಜೆರಾಕ್ಸ್ ಹಾಳೆಗಳ ಕಟ್ಟು:
‘ಶಿವಮೊಗ್ಗ. ನೀವೇ ನಡೆದು ನೋಡಿ.
ಬರೆದವನು ಹಾಲೇಶಪ್ಪ, ನಿವೃತ್ತ ನೀರುಗಂಟಿ, ನಗರಸಭೆ.’
ದುಡ್ಡಿಲ್ಲ, ತಗೊಳ್ಳಿ ಮೇಡಂ, ಅಂದ ಹುಡುಗ.

ನಕ್ಷೆಯಲ್ಲಿ ಬೀದಿಗಳೇ ಇಲ್ಲ, ಬರೀ ಕೊಳವೆ.
ಆರಂಗುಲದ್ದು ದಪ್ಪ ಗೆರೆ, ಮೂರಂಗುಲದ್ದು ಸಣ್ಣ,
ಸುತ್ತು ಹಾಕಿದ್ದೆಲ್ಲ ವಾಲ್ವು.

‘ಒಂದು, ಗೋಪಿ ಸರ್ಕಲ್. ಎಲ್ಲರೂ ಮೇಲೆ ನೋಡುತ್ತಾರೆ,
ನೀವು ಕೆಳಗೆ ನೋಡಿ. ಕಬ್ಬಿಣದ ಮುಚ್ಚಳ,
ಅದರ ಮೇಲೆ ಭದ್ರಾವತಿ ಎಂಬ ಅಚ್ಚು.’
ಇತ್ತು. ಮೊದಲ ಅಕ್ಷರ ಸವೆದು
ದ್ರಾವತಿ ಉಳಿದಿತ್ತು. ಆಟೋದವನು ಹಾರನ್ ಹೊಡೆದ.

‘ಎರಡು, ದುರ್ಗಿಗುಡಿ. ಇಲ್ಲಿ ಏರು ಇಲ್ಲ ಅನ್ನುತ್ತಾರೆ.
ನೀರಿಗೆ ಗೊತ್ತು,
ಇಷ್ಟು ಬರುವಷ್ಟರಲ್ಲಿ ಅದಕ್ಕೆ ಏದುಸಿರು.’

ಮೂರಕ್ಕೆ ನೂರಾ ಹನ್ನೆರಡು ಹೆಜ್ಜೆ ಎಂದು ಬರೆದಿದ್ದ.
ನನಗೆ ನೂರಾ ನಲವತ್ತಾಯಿತು.
ಎತ್ತರದ ಆಳಿರಬೇಕು,
ಇಲ್ಲವೇ ಬೆಳಗಿನ ನಾಲ್ಕಕ್ಕೆ, ನಾಯಿಗಳಿಗೆ ಹೆದರುತ್ತ ನಡೆದವನು.
ಎದುರು ಕಡೆಯ ವಕೀಲರು ಕೇಳಲಿರುವುದೂ ಇದನ್ನೇ:
‘ತಾವು ಎಷ್ಟು ಹೆಜ್ಜೆ ದೂರದಲ್ಲಿದ್ದಿರಿ?’
ಯಾರ ಹೆಜ್ಜೆ, ಸ್ವಾಮಿ?

‘ನಾಲ್ಕು, ಗಾಂಧಿ ಬಜಾರ್. ಈ ಸಾಲಿನವರು ಒಬ್ಬೊಬ್ಬರೂ
ನನ್ನನ್ನು ಬೈದಿದ್ದಾರೆ.
ಕತ್ತಲಲ್ಲಿ ಬೈಗುಳದಿಂದಲೇ ಬಾಗಿಲು ಗುರುತಿಸುತ್ತಿದ್ದೆ.’
ಪಾತ್ರೆ ಅಂಗಡಿಯಲ್ಲಿ ಹಾಳೆ ತೋರಿಸಿದೆ.
ಬೈದದ್ದು ನಮ್ಮಪ್ಪ, ನಾನಲ್ಲ, ಎಂದು
ಅಂಗಡಿಯವರು ಒಂದು ಕುಕ್ಕರಿನ ಧೂಳು ಒರೆಸತೊಡಗಿದರು.

‘ಐದು, ಅರಮನೆ. ಟಿಕೆಟ್ಟು ತಗೊಂಡು ಕಂಬ ನೋಡಿ, ತಪ್ಪಿಲ್ಲ.
ಒಳಗಿದ್ದವರಿಗೆ ಕೊಡ ಹೊತ್ತು ತಂದವರು
ಯಾವ ಬಾಗಿಲಿಂದ ಬಂದರು ಎನ್ನುವುದು
ನನಗೆ ಮೂವತ್ತೊಂದು ವರ್ಷ ಹುಡುಕಿದರೂ ಸಿಗಲಿಲ್ಲ.
ಸಿಕ್ಕಿದರೆ ಹೋಟೆಲಿನಲ್ಲಿ ತಿಳಿಸಿ.’
ಮರದ ಕಂಬ ತಣ್ಣಗಿತ್ತು. ಒರಗಬೇಡಿ, ಎಂದ ಕಾವಲಿನವನು.
ನಾನೂ ಹುಡುಕಿದೆ. ಎಲ್ಲ ಬಾಗಿಲೂ ದೊಡ್ಡವರದೇ.

‘ಆರು, ಕೋಟೆ ಆಂಜನೇಯನ ಬಳಿಯಿಂದ
ಹೊಳೆಗೆ ಇಳಿಯುವ ಓಣಿ. ಇಲ್ಲಿ ನಿಂತು’

ಅಷ್ಟೇ. ಅದರ ಕೆಳಗೆ ಮಡಿಕೆಯ ಬಿಳಿ ಗೆರೆ,
ಗೆರೆಯ ಕೆಳಗೆ ‘ಎಂಟು, ಸೇತುವೆ.’

ನಿಂತೆ. ನಿಂತು ಏನು?
ಹೊಲಿಗೆಯವನು ಹಲ್ಲಲ್ಲಿ ದಾರ ಕಡಿದ.
ಮೇಕೆಯೊಂದು ಗೋಡೆಯ ಪೋಸ್ಟರಿನಲ್ಲಿ
ಅಭ್ಯರ್ಥಿಯ ಮೀಸೆಯವರೆಗೆ ತಿಂದಿತ್ತು.
ಬೀದಿ ನಲ್ಲಿಯ ಹತ್ತಿರ ಒಬ್ಬಳು, ಕೊಡ ಬದಿಗಿಟ್ಟು,
ಒಣ ಕೊಳವೆಗೆ ಕಿವಿಯಿಟ್ಟು ಕೂತಿದ್ದಳು,
ಬಸುರಿಯ ಹೊಟ್ಟೆಗೆ ಸೂಲಗಿತ್ತಿ ಕಿವಿಯಿಡುವಂತೆ.
‘ಬರ್ತಾ ಐತೆ,’ ಅಂದಳು. ನನಗಲ್ಲ.
ನಲ್ಲಿ ಕೆಮ್ಮಿತು, ಗಾಳಿ ಉಗುಳಿತು,
ಕೆಂಪು, ಆಮೇಲೆ ನೀರು.
ಕಾಲಡಿಯ ನೆಲ ಒಂದಿಷ್ಟೇ ನಡುಗಿತೋ,
ನನಗೆ ಹಾಗನ್ನಿಸಿತೋ.

ವಾಪಸು ಬಂದು ಕೇಳಿದರೆ ಹುಡುಗ ನಕ್ಕ:
ಏಳು ಮಡಿಕೆಯಲ್ಲಿ ಹೋಗಿದೆ ಮೇಡಂ,
ಅಸಲು ಹಾಳೆಯಲ್ಲೂ ಅಲ್ಲೇ ಮಡಿಕೆ.
ತಾತನನ್ನೇ ಕೇಳೋಣ ಅಂದ್ರೆ, ಹೋದ ವರ್ಷ...
ಸೋಂಪಿನ ತಟ್ಟೆ ನನ್ನ ಕಡೆ ತಳ್ಳಿದ.

ಬಸ್ಸು ಸೇತುವೆ ಹತ್ತಿತು. ಎಂಟು, ಕೂತಲ್ಲೇ ದಾಟಿಹೋಯಿತು.
ಬರುವ ತಿಂಗಳು ಕಟಕಟೆಯಲ್ಲಿ ಕೇಳುತ್ತಾರೆ.
ಲಾರಿ ತಿರುಗಿದ್ದನ್ನು ಹೇಳಬಲ್ಲೆ.
ರಸ್ತೆಯ ಮೇಲೆ ಒಂದೇ ಒಂದು ಚಪ್ಪಲಿ
ಮಗುಚಿ ಬಿದ್ದಿದ್ದನ್ನೂ ಹೇಳಬಲ್ಲೆ.
ನಡುವೆ ಏನು ನೋಡಿದಿರಿ, ಎಂದರೆ
ಅಲ್ಲೇ ನಿಂತಿದ್ದೆ ಸ್ವಾಮಿ,
ಅಲ್ಲೇ ನಿಂತಿದ್ದೆ.